ತಿಳಿಸಿ ಹೋಗಬೇಕೋ, ಕೇಳಿ ಹೋಗಬೇಕೋ?

ಪ್ರಶ್ನೆ: ಮೇಡಂ, ನಾವು ಮುಳಬಾಗಿಲು ಕಡೆಯ ಟೊಮೆಟೊ ಬೆಳೆಗಾರರು. ಹೋದ ತಿಂಗಳು ಒಂದು ಬೆಳಿಗ್ಗೆ ಮಾರುಕಟ್ಟೆಯಲ್ಲಿ ರೇಟ್ ಒಂದೇ ಸಲ ಬಿದ್ದುಹೋಯಿತು. 15 ಕೆ.ಜಿ. ಬಾಕ್ಸ್‌ಗೆ ಕೀಳಿಸಿದ ಕೂಲಿ, ಗಾಡಿ ಬಾಡಿಗೆ ಕೂಡ ಹುಟ್ಟಲಿಲ್ಲ. ನಲವತ್ತೈವತ್ತು ಜನ ಗೇಟಿನ ಹತ್ತಿರ ಕೂತು ಧಿಕ್ಕಾರ ಕೂಗಿದೆವು. ಅರ್ಧ ಗಂಟೆಗೆ ಪೊಲೀಸರು ಬಂದು ‘ಪರ್ಮಿಷನ್ ಎಲ್ಲಿ?’ ಅಂದರು. ಇಲ್ಲ ಅಂದದ್ದಕ್ಕೆ ನಾಲ್ಕು ಜನರ ಹೆಸರು, ಊರು ಬರೆದುಕೊಂಡು ಎಬ್ಬಿಸಿ ಕಳಿಸಿದರು. ಮುಂದಿನ ಸಲ ಡಿ.ಸಿ. ಆಫೀಸ್ ಮುಂದೆ ಕೂರೋಣ ಅಂತಿದ್ದೇವೆ. ನಮ್ಮೂರ ಮೇಷ್ಟ್ರು ‘ರಸ್ತೆ ಎಲ್ಲರದ್ದು, ಪರ್ಮಿಷನ್ ಇಲ್ಲದೆ ಹೋಗಬೇಡಿ’ ಅಂತಾರೆ. ನನ್ನ ಮಗ ‘ಸರ್ಕಾರದ ವಿರುದ್ಧ ಕೂರೋಕೆ ಸರ್ಕಾರವನ್ನೇ ಕೇಳಬೇಕಾ?’ ಅಂತಾನೆ. ಯಾರ ಮಾತು ಸರಿ? ಕಾನೂನು ಏನು ಹೇಳುತ್ತದೆ?

ಉತ್ತರ:

ನಿಮ್ಮ ಪತ್ರ ಓದುವಾಗ ಆ ನಾಲ್ಕು ಹೆಸರುಗಳ ಹತ್ತಿರ ನನ್ನ ಮನಸ್ಸು ನಿಂತುಬಿಟ್ಟಿತು. ಅದರ ಬಗ್ಗೆ ಕೊನೆಯಲ್ಲಿ ಬರೆಯುತ್ತೇನೆ. ಸದ್ಯಕ್ಕೆ ಇಷ್ಟು ತಿಳಿದಿರಲಿ: ಹೆಸರು ಬರೆದುಕೊಂಡ ಮಾತ್ರಕ್ಕೆ ಕೇಸ್ ಆಗುವುದಿಲ್ಲ. ಆ ನಾಲ್ಕು ಮನೆಯವರಿಗೆ ಇವತ್ತೇ ಹೇಳಿ, ರಾತ್ರಿ ನಿದ್ದೆ ಮಾಡಲಿ.

ಇನ್ನು ನಿಮ್ಮ ಮಗನಿಗೂ ಮೇಷ್ಟ್ರಿಗೂ ನಡೆದಿರುವ ವಾದ. ಇದೇ ವಾದ ದೊಡ್ಡ ದೊಡ್ಡ ಕೋರ್ಟುಗಳಲ್ಲೂ ನಡೆದಿದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ತಿಳಿಸುವುದು ಬೇರೆ, ಕೇಳುವುದು ಬೇರೆ. ಪ್ರತಿಭಟನೆ ಮಾಡುವವರು ಮುಂಚೆ ತಿಳಿಸಬೇಕು, ಅದು ಒಳ್ಳೆಯದು. ಆದರೆ ಕೂರುವುದಕ್ಕೆ ಅಪ್ಪಣೆ ಕೇಳುವ ಪರಿಸ್ಥಿತಿ ಇರಬಾರದು. ಮನೆಯಲ್ಲಿ ಮದುವೆ ಇದ್ದರೆ ಅಕ್ಕಪಕ್ಕದವರಿಗೆ ‘ನಾಳೆ ಬೀದಿಗೆ ಚಪ್ಪರ ಹಾಕ್ತೀವಿ, ಗಾಡಿ ಸ್ವಲ್ಪ ಆ ಕಡೆ ನಿಲ್ಲಿಸಿಕೊಳ್ಳಿ’ ಅಂತ ಹೇಳಿ ಬರುತ್ತೇವೆ, ಅಲ್ವಾ? ‘ಮಗಳ ಮದುವೆ ಮಾಡಬಹುದಾ?’ ಅಂತ ಕೇಳಿ ಬರುವುದಿಲ್ಲ.

ಸಂವಿಧಾನದ 19ನೇ ವಿಧಿಯಲ್ಲಿ ಎರಡು ಸಾಲು ನಿಮಗೆ ಬೇಕು. ಒಂದು, ಮಾತಾಡುವ ಹಕ್ಕು. ಇನ್ನೊಂದು, ಶಾಂತಿಯಿಂದ, ಆಯುಧ ಇಲ್ಲದೆ ಒಟ್ಟು ಸೇರುವ ಹಕ್ಕು. ಅದೇ ವಿಧಿಯಲ್ಲಿ ಮುಂದೆ ಮಿತಿಯೂ ಇದೆ. ದೇಶದ ಸಾರ್ವಭೌಮತೆ, ಅಖಂಡತೆ ಮತ್ತು ಸಾರ್ವಜನಿಕ ಸುವ್ಯವಸ್ಥೆಗಾಗಿ ಸರ್ಕಾರ ಸೇರುವ ಹಕ್ಕಿಗೆ ಮಿತಿ ಹಾಕಬಹುದು. ಆದರೆ ಆ ಮಿತಿ ನ್ಯಾಯವಾಗಿರಬೇಕು. ಸುವ್ಯವಸ್ಥೆ ಅನ್ನುವ ಪದವನ್ನು ಎಳೆದ ಹಾಗೆ ಎಳೆಯುವ ಹಾಗೂ ಇಲ್ಲ. ರಾಮ ಮನೋಹರ ಲೋಹಿಯಾ ಅವರನ್ನು ಬಂಧಿಸಿಟ್ಟಿದ್ದ ಪ್ರಕರಣದಲ್ಲಿ 1965ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಕಾನೂನಿನ ಸಣ್ಣಪುಟ್ಟ ಉಲ್ಲಂಘನೆಯೆಲ್ಲ ಸಾರ್ವಜನಿಕ ಸುವ್ಯವಸ್ಥೆ ಕೆಟ್ಟಂತೆ ಅಲ್ಲ. ಗೇಟಿನ ಹತ್ತಿರ ನಲವತ್ತು ಜನ ಜೋರಾಗಿ ಕೂಗಿದರೆ ಕಿವಿಗೆ ಕಷ್ಟ ಆಗಬಹುದು. ಊರಿನ ನೆಮ್ಮದಿ ಕದಡಿಹೋಯಿತು ಅನ್ನಲಾಗದು.

ಅನುಮತಿ ವಿಷಯಕ್ಕೇ ನೇರವಾಗಿ ಬಂದ ತೀರ್ಪು ಅಹಮದಾಬಾದಿನದ್ದು. 1969ರಲ್ಲಿ ಹಿಮತ್‌ಲಾಲ್ ಶಾ ಅನ್ನುವವರು ಅಲ್ಲಿ ರಸ್ತೆ ಬದಿ ವಿದ್ಯಾರ್ಥಿಗಳ ಸಭೆ ನಡೆಸಲು ಅನುಮತಿ ಕೇಳಿದರು. ಪೊಲೀಸರು ಕೊಡಲಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠದವರೆಗೆ ಹೋಯಿತು. 1972ರಲ್ಲಿ ತೀರ್ಪು ಬಂತು. ಅನುಮತಿ ಬೇಕು ಅನ್ನುತ್ತಿದ್ದ ಆ ಪೊಲೀಸ್ ನಿಯಮವನ್ನೇ ಕೋರ್ಟ್ ಹೊಡೆದುಹಾಕಿತು. ಯಾವ ಕಾರಣಕ್ಕೆ ಕೊಡಬೇಕು, ಯಾವ ಕಾರಣಕ್ಕೆ ಬೇಡ ಅನ್ನಬೇಕು ಅಂತ ಆ ನಿಯಮದಲ್ಲಿ ಒಂದು ಸಾಲೂ ಇರಲಿಲ್ಲ. ಎಲ್ಲ ಅಧಿಕಾರಿಯ ಮನಸ್ಸಿಗೆ ಬಿಟ್ಟಿತ್ತು. ಹಾಗಿರುವುದು ಹಕ್ಕಲ್ಲ, ದಯೆ ಅಂತ ನಾನು ಹೇಳುತ್ತೇನೆ.

ಆದರೆ ನಿಮ್ಮ ಹತ್ತಿರ ಅರ್ಧ ಸತ್ಯ ಹೇಳಬಾರದು. ಅನುಮತಿ ಕೇಳುವುದೇ ತಪ್ಪು ಅಂತ ಆ ಕೋರ್ಟ್ ಹೇಳಲಿಲ್ಲ. ರಸ್ತೆಯಲ್ಲಿ ನಡೆಯುವ ಸಭೆಯನ್ನು ಹದ್ದುಬಸ್ತಿನಲ್ಲಿಡಲು ಸರ್ಕಾರ ಸರಿಯಾದ ನಿಯಮ ಮಾಡಬಹುದು, ಪೂರ್ತಿ ಮುಚ್ಚಿಬಿಡುವ ಹಾಗಿಲ್ಲ, ಅಂದಿತು. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಕಾನೂನು ಆ ನಡುದಾರಿಯಲ್ಲೇ ನಡೆಯುತ್ತಿದೆ. ಅದು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು ಅನ್ನುವುದು ನನ್ನ ಆಸೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ನಮ್ಮ ಕೋಲಾರ ಜಿಲ್ಲೆಯ ವಿಷಯ. ಇಲ್ಲಿ ಅನ್ವಯಿಸುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಸಭೆ, ಮೆರವಣಿಗೆಗಳ ಬಗ್ಗೆ ಆದೇಶ ಮಾಡುವ ಅಧಿಕಾರವನ್ನು ಅದರ 31ನೇ ಸೆಕ್ಷನ್ ಕೊಡುತ್ತದೆ. ಅಧಿಕಾರ ಇರುವುದು ಬೇರೆ, ಆದೇಶ ಆಗಿರುವುದು ಬೇರೆ. ಬೆಂಗಳೂರಿಗೆ 2021ರಲ್ಲಿ ಅಂಥ ಒಂದು ಆದೇಶ ಆಗಿದೆ. ಅಲ್ಲಿ ಪ್ರತಿಭಟನೆಗೆ ಲೈಸೆನ್ಸ್ ಬೇಕು, ಕೂರುವ ಜಾಗ ಫ್ರೀಡಂ ಪಾರ್ಕ್. ಆ ಆದೇಶ ಬೆಂಗಳೂರು ನಗರಕ್ಕೆ ಮಾತ್ರ. ನಮ್ಮಲ್ಲಿ ಕೆಲವು ಪೊಲೀಸರು, ಪಾಪ, ಟಿ.ವಿ.ಯಲ್ಲಿ ಬೆಂಗಳೂರು ನೋಡಿ ಅದೇ ಎಲ್ಲ ಕಡೆಯ ಕಾನೂನು ಅಂದುಕೊಂಡಿರುತ್ತಾರೆ. ಅದಕ್ಕೇ ಯಾರಾದರೂ ‘ಪರ್ಮಿಷನ್ ಎಲ್ಲಿ?’ ಅಂದರೆ ಸಿಟ್ಟಾಗದೆ ಒಂದು ಪ್ರಶ್ನೆ ಕೇಳಿ: ‘ಸರ್, ಪರ್ಮಿಷನ್ ಬೇಕು ಅಂತ ಯಾವ ಆದೇಶದಲ್ಲಿದೆ? ನಂಬರು, ತಾರೀಖು ಹೇಳಿ, ಬರೆದುಕೊಳ್ತೀನಿ.’ ಆದೇಶ ಇದ್ದರೆ ತೋರಿಸುತ್ತಾರೆ, ನೀವು ಪಾಲಿಸಿ. ಇಲ್ಲದಿದ್ದರೆ ಮಾತು ಅಲ್ಲೇ ಮೆತ್ತಗಾಗುತ್ತದೆ. ನನ್ನ ಕಕ್ಷಿದಾರರು ಎಷ್ಟೋ ಸಲ ಕೇಳಿ ನೋಡಿದ್ದಾರೆ.

ಇನ್ನೊಂದು ಇದೆ, ನಿಷೇಧಾಜ್ಞೆ. ಜನರ ಬಾಯಲ್ಲಿ ಇನ್ನೂ 144 ಸೆಕ್ಷನ್. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಅದರಲ್ಲಿ ಇದು 163ನೇ ಸೆಕ್ಷನ್. ನಂಬರು ಬದಲಾಯಿತು, ಸ್ವಭಾವ ಬದಲಾಗಲಿಲ್ಲ. ಗಲಭೆ ಆಗುವ ಅಪಾಯ ನಿಜವಾಗಿ ಇದ್ದರೆ ಮ್ಯಾಜಿಸ್ಟ್ರೇಟರು ಕಾರಣ ಬರೆದು ಈ ಆದೇಶ ಮಾಡಬಹುದು. ಸಾಮಾನ್ಯವಾಗಿ ಎರಡು ತಿಂಗಳಿಗಿಂತ ಜಾಸ್ತಿ ಅದು ನಡೆಯುವುದಿಲ್ಲ. 2020ರ ಜನವರಿಯಲ್ಲಿ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಜನ ತಮ್ಮ ಕಷ್ಟ, ಅಭಿಪ್ರಾಯ ಹೇಳುವುದನ್ನು ತಡೆಯುವುದಕ್ಕೆ ಈ ಸೆಕ್ಷನ್ ಬಳಸುವ ಹಾಗಿಲ್ಲ. ಆದೇಶವನ್ನು ಎಲ್ಲರಿಗೂ ತಿಳಿಯುವ ಹಾಗೆ ಪ್ರಕಟಿಸಲೂಬೇಕು.

ನಮ್ಮ ಹೈಕೋರ್ಟಿನ ತೀರ್ಪಂತೂ ಇನ್ನೂ ಹತ್ತಿರದ್ದು. 2019ರ ಡಿಸೆಂಬರ್‌ನಲ್ಲಿ ಪೌರತ್ವ ಕಾಯ್ದೆ ತಿದ್ದುಪಡಿ ವಿರುದ್ಧ ಪ್ರತಿಭಟನೆ ಜೋರಾಗಿತ್ತು. ಆಗ ಬೆಂಗಳೂರಿನಲ್ಲಿ ಊರಿಗೆ ಊರೇ ಮುಚ್ಚುವ ಹಾಗೆ 144 ಹಾಕಿದರು. ಮೊದಲೇ ಪೊಲೀಸರ ಅನುಮತಿ ಪಡೆದುಕೊಂಡಿದ್ದವರದ್ದೂ ಅದರಲ್ಲಿ ಹೋಯಿತು. 2020ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ಆದೇಶ ಕಾನೂನಿಗೆ ವಿರುದ್ಧ ಅಂದಿತು. ತೀರ್ಪು ಬರುವ ಹೊತ್ತಿಗೆ ಆ ದಿನಗಳು ಮುಗಿದೇ ಹೋಗಿದ್ದವು. ಅನುಮತಿ ಪದ್ಧತಿಯ ಬಗ್ಗೆ ನನ್ನ ದೊಡ್ಡ ದೂರು ಇದೇ. ಪ್ರತಿಭಟನೆಗೆ ಒಂದು ಹೊತ್ತು ಅಂತ ಇರುತ್ತದೆ. ಎರಡು ತಿಂಗಳ ನಂತರ ‘ನೀವು ಅವತ್ತು ಕೂರಬಹುದಿತ್ತು’ ಅಂತ ಗೊತ್ತಾದರೆ ಏನು ಬಂತು? ನಿಮ್ಮ ಟೊಮೆಟೊ ಅಷ್ಟು ದಿನ ಕಾಯುತ್ತದಾ?

ಟೊಮೆಟೊ ಮಾತು ಬಂತಲ್ಲ, ಅದನ್ನೇ ಹಿಡಿದು ಹೇಳುತ್ತೇನೆ. ನಮ್ಮ ಸೀಮೆಯ ಬೆಳೆ ಬೆಳಿಗ್ಗೆ ಹರಾಜಿಗೆ ಬರುತ್ತದೆ. ರೇಟ್ ಬಿದ್ದದ್ದು ಹರಾಜು ಕೂಗಿದಾಗಲೇ ಗೊತ್ತಾಗುವುದು. ಅದಕ್ಕೆ ಮೂರು ದಿನ ಮೊದಲು ಅರ್ಜಿ ಹಾಕಿ ಅಂದರೆ ಯಾರಿಗೆ ಸಾಧ್ಯ? ನೋವಾದ ಜಾಗದಲ್ಲಿ, ನೋವಾದ ಗಳಿಗೆಯಲ್ಲಿ ಜನ ಕೂರುತ್ತಾರೆ. ಕಾರ್ಖಾನೆಯಲ್ಲಿ ಸಂಬಳ ಬಾರದ ದಿನ ಹೀಗೇ ಆಗುತ್ತದೆ. ಊರಲ್ಲಿ ಬೋರ್‌ವೆಲ್ ಕೆಟ್ಟು ಕೊಡ ಹಿಡಿದು ಹೆಂಗಸರು ಪಂಚಾಯ್ತಿ ಮುಂದೆ ನಿಲ್ಲುವುದೂ ಹೀಗೇ. ಆ ಹೆಂಗಸರಿಗೆ ‘ಅರ್ಜಿ ಕೊಟ್ಟಿದ್ದೀರಾ?’ ಅಂತ ಕೇಳುವ ಕಾನೂನು ನನಗೆ ಬೇಡ.

ಜರ್ಮನಿಯಲ್ಲಿ ಇದಕ್ಕೆ ಒಂದು ದಾರಿ ಹುಡುಕಿದ್ದಾರೆ. ಅಲ್ಲಿನ ಸಂವಿಧಾನದ 8ನೇ ವಿಧಿ, ಅನುಮತಿ ಇಲ್ಲದೆ ಸೇರಬಹುದು ಅಂತಲೇ ಬರೆದುಕೊಂಡಿದೆ. ಬಯಲಲ್ಲಿ ಸೇರುವುದಾದರೆ ಮಾತ್ರ, ಸಭೆಯ ವಿಷಯ ಪ್ರಚಾರ ಮಾಡುವ 48 ಗಂಟೆ ಮುಂಚೆ ಅಧಿಕಾರಿಗಳಿಗೆ ತಿಳಿಸಬೇಕು. ತಟ್ಟನೆ ಹುಟ್ಟಿಕೊಂಡ ಪ್ರತಿಭಟನೆಗೆ ಅದೂ ಬೇಡ ಅಂತ 1985ರಲ್ಲಿ ಅವರ ಸಂವಿಧಾನ ಕೋರ್ಟ್ ಹೇಳಿತು. ಅಣು ವಿದ್ಯುತ್ ಸ್ಥಾವರದ ವಿರುದ್ಧ ಬ್ರೋಕ್‌ಡಾರ್ಫ್ ಅನ್ನುವ ಊರಲ್ಲಿ ಜನ ಸೇರಿದ್ದ ಪ್ರಕರಣ ಅದು. ಇಂಗ್ಲೆಂಡಿನ 1986ರ ಕಾನೂನಿನಲ್ಲಿ ಮೆರವಣಿಗೆಗೆ ಆರು ದಿನ ಮುಂಚೆ ನೋಟಿಸ್ ಕೊಡಬೇಕು, ಸಾಧ್ಯವಾಗದಿದ್ದರೆ ಆದಷ್ಟು ಬೇಗ. ಅದು ನೋಟಿಸ್, ಅರ್ಜಿ ಅಲ್ಲ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2020ರಲ್ಲಿ ಇದನ್ನೇ ಹೇಳಿದೆ. ಅಪ್ಪಣೆ ಬೇಡಬೇಕಾದರೆ ಅದು ಮೂಲಭೂತ ಹಕ್ಕಾಗಿ ಉಳಿಯುವುದಿಲ್ಲ, ತಿಳಿಸಿ ಅನ್ನುವುದು ಸರಿ, ಅಂತ. ಆ ಸಮಿತಿ ನೋಡಿಕೊಳ್ಳುವ ಒಪ್ಪಂದಕ್ಕೆ ಭಾರತ 1979ರಲ್ಲೇ ಸೇರಿದೆ.

ಇನ್ನು ನಿಮ್ಮ ಮಗನ ಮಾತು. ಅವನು ಸಿಟ್ಟಿನಲ್ಲಿ ಹೇಳಿದನೋ ಏನೋ, ಆದರೆ ವಿಷಯದ ತಿರುಳನ್ನೇ ಹಿಡಿದಿದ್ದಾನೆ. ನಮ್ಮಂಥ ಜಿಲ್ಲೆಯಲ್ಲಿ ಈ ಪ್ರಶ್ನೆ ಬೆಂಗಳೂರಿಗಿಂತ ಜಾಸ್ತಿ ಚುಚ್ಚುತ್ತದೆ. ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರ್ ಇದ್ದಾರೆ, ಮ್ಯಾಜಿಸ್ಟ್ರೇಟ್ ಅಧಿಕಾರ ಅವರ ಹತ್ತಿರ ಇದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನಲ್ಲಿ ಜಿಲ್ಲಾಧಿಕಾರಿಯೇ ಜಿಲ್ಲಾ ಮ್ಯಾಜಿಸ್ಟ್ರೇಟ್. ಜಮೀನಿನ ಖಾತೆ, ಪೋಡಿ, ಬರ ಪರಿಹಾರ, ಬೆಳೆ ನಷ್ಟದ ಪಟ್ಟಿ, ಎಲ್ಲ ಅವರ ಕಚೇರಿಯ ಕೆಲಸ. ನಿಮ್ಮ ದೂರು ಇರುವುದು ಅದೇ ಕಚೇರಿಯ ಮೇಲೆ. ನಿಷೇಧಾಜ್ಞೆಗೆ ಸಹಿ ಹಾಕುವುದೂ ಅದೇ ಕಚೇರಿ. ತಾಲ್ಲೂಕಿನಲ್ಲಿ ತಹಶೀಲ್ದಾರರದ್ದೂ ಇದೇ ಕಥೆ. ಅಲ್ಲಿ ಕೂತಿರುವವರು ಎಷ್ಟೇ ಒಳ್ಳೆಯವರಾಗಿರಲಿ, ತಮ್ಮ ವಿರುದ್ಧದ ಧಿಕ್ಕಾರಕ್ಕೆ ತಾವೇ ಚೀಟಿ ಕೊಡುವ ಜಾಗದಲ್ಲಿ ಯಾರನ್ನೂ ಕೂರಿಸಬಾರದು. ಒಳ್ಳೆಯ ಅಧಿಕಾರಿಗೂ ಅದು ಕಷ್ಟವೇ.

ಅಮೆರಿಕದ ಬರ್ಮಿಂಗ್‌ಹ್ಯಾಮ್ ಊರಿನ ಒಂದು ಪ್ರಕರಣ ನನಗೆ ಯಾವಾಗಲೂ ನೆನಪಾಗುತ್ತದೆ. 1963ರ ಏಪ್ರಿಲ್‌ನಲ್ಲಿ ಅಲ್ಲಿ 52 ಜನ ಕಪ್ಪು ಜನಾಂಗದವರು ಫುಟ್‌ಪಾತ್ ಮೇಲೆ ಸಾಲಾಗಿ ನಡೆದು ಹೋದರು. ಮುಂದೆ ಇದ್ದವರು ಫ್ರೆಡ್ ಶಟಲ್ಸ್‌ವರ್ತ್ ಅನ್ನುವ ಪಾದ್ರಿ. ಪರ್ಮಿಟ್ ಇಲ್ಲ ಅಂತ ಅವರಿಗೆ ಶಿಕ್ಷೆ ಆಯಿತು. ನಿಮಗೆ ಎಂದೂ ಪರ್ಮಿಟ್ ಸಿಗುವುದಿಲ್ಲ ಅಂತ ನಗರದ ಅಧಿಕಾರಿ ಅವರಿಗೆ ಮೊದಲೇ ಹೇಳಿಬಿಟ್ಟಿದ್ದ. ಬಿಳಿಯರ ಪರ ಇದ್ದವನು, ಪರ್ಮಿಟ್ ಕೊಡಬೇಕಾದವರಲ್ಲೂ ಒಬ್ಬ. ಅಲ್ಲಿನ ಸುಪ್ರೀಂ ಕೋರ್ಟ್ 1969ರಲ್ಲಿ ಶಿಕ್ಷೆಯನ್ನು ರದ್ದು ಮಾಡಿತು. ನಮ್ಮ ಅಹಮದಾಬಾದ್ ತೀರ್ಪಿಗೆ ಮೂರು ವರ್ಷ ಮುಂಚೆ, ಹೆಚ್ಚುಕಡಿಮೆ ಅದೇ ಕಾರಣಕ್ಕೆ.

ಈಗ ಮೇಷ್ಟ್ರ ಮಾತಿಗೆ ಬರುತ್ತೇನೆ. ಅವರನ್ನು ಸುಮ್ನೆ ತಳ್ಳಿಹಾಕಬೇಡಿ. ರಸ್ತೆ ಎಲ್ಲರದ್ದು ಅನ್ನುವುದು ನೂರಕ್ಕೆ ನೂರು ನಿಜ. ಕೋಲಾರದ ಎಸ್.ಎನ್.ಆರ್. ಆಸ್ಪತ್ರೆಗೆ ಹೆರಿಗೆಗೆ ಹೋಗುತ್ತಿರುವ ಹೆಣ್ಣುಮಗಳು ನಿಮ್ಮ ಶಾಮಿಯಾನದ ಹಿಂದೆ ಸಿಕ್ಕಿಹಾಕಿಕೊಂಡರೆ, ಅವಳಿಗೂ ಸಂವಿಧಾನ ಇದೆ. ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಎರಡು ಎದುರಾಳಿ ಗುಂಪು ಬಂದರೆ ಪೊಲೀಸರು ಇರಲೇಬೇಕು. ಅವರಿಗೆ ಮೊದಲೇ ಗೊತ್ತಿಲ್ಲದಿದ್ದರೆ ಇರುವುದು ಹೇಗೆ? ಪೊಲೀಸರ ಕಷ್ಟವೂ ನನಗೆ ಗೊತ್ತು. ಜಾತ್ರೆ, ಚುನಾವಣೆ, ಮಂತ್ರಿಗಳ ಬಂದೋಬಸ್ತ್ ಎಲ್ಲ ಅದೇ ನಾಲ್ಕು ಜನ ಮಾಡಬೇಕು. ಅವರಿಗೆ ತಿಳಿಸುವುದು ಹೆದರಿ ಮಾಡುವ ಕೆಲಸ ಅಲ್ಲ, ಜೊತೆಯಲ್ಲಿ ಬದುಕುವವರು ಮಾಡುವ ಕೆಲಸ.

ದಿನಗಟ್ಟಲೆ ರಸ್ತೆ ಹಿಡಿದು ಕೂರುವುದಕ್ಕೂ ಕೋರ್ಟ್ ಒಪ್ಪಿಲ್ಲ. ದೆಹಲಿಯ ಶಾಹೀನ್ ಬಾಗ್ ಪ್ರಕರಣದಲ್ಲಿ 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಓಡಾಡುವ ದಾರಿಯನ್ನು ಮುಗಿಯುವ ದಿನ ಇಲ್ಲದ ಹಾಗೆ ಹಿಡಿದಿಟ್ಟುಕೊಳ್ಳಬಾರದು ಅಂದಿದೆ. ಬಂದ್ ವಿಷಯ ಇನ್ನೂ ಕಟ್ಟುನಿಟ್ಟು. ಬಲವಂತದ ಬಂದ್ ಕಾನೂನಿಗೆ ವಿರುದ್ಧ ಅಂತ ಕೇರಳ ಹೈಕೋರ್ಟ್ 1997ರಲ್ಲಿ ಹೇಳಿತು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನೀವು ನಿಮ್ಮ ಟೊಮೆಟೊ ತರದೆ ನಿಲ್ಲಿಸಬಹುದು. ಪಕ್ಕದ ಊರಿನವನ ಗಾಡಿ ತಡೆಯುವ ಹಕ್ಕು ನಿಮಗಿಲ್ಲ. ಆ ಗೆರೆ ದಾಟಬೇಡಿ.

ಆದರೆ ಮೇಷ್ಟ್ರು ಹೇಳುವ ಭಯಗಳಿಗೆಲ್ಲ ಈಗಾಗಲೇ ಕಾನೂನು ಇದೆ. ರಸ್ತೆ ಅಡ್ಡಗಟ್ಟಿದರೆ, ಹಳೆಯ ಐ.ಪಿ.ಸಿ. ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 285ನೇ ಸೆಕ್ಷನ್. ಸರ್ಕಾರಿ ಬಸ್ಸಿಗೆ ಕಲ್ಲು ಹೊಡೆದರೆ 1984ರ ಸಾರ್ವಜನಿಕ ಆಸ್ತಿ ಹಾನಿ ತಡೆ ಕಾಯ್ದೆ. ತಪ್ಪು ಮಾಡಿದವನನ್ನು ಹಿಡಿಯಲು ಇವು ಸಾಕು. ತಪ್ಪು ಮಾಡದವನೂ ಮುಂಚೆಯೇ ಸಾಲಿನಲ್ಲಿ ನಿಂತು ಚೀಟಿ ತರಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಚೀಟಿಯಿಂದ ಗಲಭೆ ನಿಲ್ಲುತ್ತದೆ ಅನ್ನುವುದೂ ನನಗೆ ಕಂಡಿಲ್ಲ. 2020ರ ಡಿಸೆಂಬರ್ 12ರಂದು ನರಸಾಪುರದ ಐಫೋನ್ ಕಾರ್ಖಾನೆಯಲ್ಲಿ ಕಾರ್ಮಿಕರ ಸಿಟ್ಟು ಒಡೆದು ಗಾಜು, ಯಂತ್ರ, ವಾಹನ ಹಾಳಾದದ್ದು ನಿಮಗೆ ನೆನಪಿರಬಹುದು. ಸಂಬಳ ಸರಿಯಾಗಿ ಬರುತ್ತಿಲ್ಲ ಅನ್ನುವುದು ಅವರ ದೂರಾಗಿತ್ತು. ಒಡೆದದ್ದು ತಪ್ಪೇ. ಆದರೆ ಯಾವ ಪರ್ಮಿಷನ್ ಪುಸ್ತಕ ಅದನ್ನು ತಡೆಯುತ್ತಿತ್ತು? ಅವರ ದೂರನ್ನು ಸಕಾಲಕ್ಕೆ ಕೇಳುವ ಒಬ್ಬರು ಇದ್ದಿದ್ದರೆ ತಡೆಯಬಹುದಿತ್ತೋ ಏನೋ.

ಜಾಗದ ವಿಷಯಕ್ಕೂ ಒಂದು ಮಾತು. ಬೆಂಗಳೂರಿನ ಫ್ರೀಡಂ ಪಾರ್ಕ್ ಮೊದಲು ಸೆಂಟ್ರಲ್ ಜೈಲು. ಅಲ್ಲಿ ನೆರಳಿದೆ, ವಾಹನಗಳಿಗೆ ಅಡ್ಡಿ ಇಲ್ಲ, ಒಪ್ಪುತ್ತೇನೆ. ಆದರೆ ಯಾರ ಕಿವಿಗೆ ಬೀಳಬೇಕೋ ಅವರು ಆ ದಾರಿಯಲ್ಲಿ ಬರುವುದೇ ಇಲ್ಲ. ದೆಹಲಿಯ ಜಂತರ್ ಮಂತರ್‌ನಲ್ಲಿ 2017ರಲ್ಲಿ ಪ್ರತಿಭಟನೆಯನ್ನೇ ನಿಲ್ಲಿಸಿದ್ದರು. 2018ರಲ್ಲಿ ಸುಪ್ರೀಂ ಕೋರ್ಟ್, ಪೂರ್ತಿ ನಿಷೇಧ ಸರಿಯಲ್ಲ, ಅಲ್ಲಿನ ನಿವಾಸಿಗಳಿಗೂ ತೊಂದರೆ ಆಗದಂತೆ ನಿಯಮ ಮಾಡಿ ಅಂದಿತು. ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾಡಳಿತ ಭವನ ಪೇಟೆಯಿಂದ ದೂರ, ಶಿಡ್ಲಘಟ್ಟ ರಸ್ತೆಯಲ್ಲಿದೆ. ಅಲ್ಲಿ ಕೂತರೆ ಊರಿನವರು ನೋಡುವುದಿಲ್ಲ. ಊರಲ್ಲಿ ಕೂತರೆ ಅಧಿಕಾರಿಗಳು ನೋಡುವುದಿಲ್ಲ. ಎಲ್ಲಿ ಕೂರಬೇಕು ಅನ್ನುವುದನ್ನು ಕೂರುವವರು ತೀರ್ಮಾನಿಸಬೇಕು. ಬದಲಾಯಿಸಿ ಅನ್ನಬೇಕಾದರೆ ಪೊಲೀಸರು ಕಾರಣ ಕೊಡಬೇಕು. ಕಾಣದ, ಕೇಳದ ಜಾಗಕ್ಕೆ ಕಳಿಸುವುದನ್ನು ನಾನು ಅನುಮತಿ ಅಂತ ಕರೆಯಲಾರೆ.

ಈ ವಿಷಯದಲ್ಲಿ ನಾನು ಯಾಕೆ ಇಷ್ಟು ಗಟ್ಟಿಯಾಗಿ ಮಾತಾಡುತ್ತೇನೆ ಅಂದರೆ, ಅದಕ್ಕೆ ನಮ್ಮ ಸೀಮೆಯಲ್ಲೇ ಕಾರಣ ಇದೆ. ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥಕ್ಕೆ ನೀವು ಹೋಗಿರುತ್ತೀರಿ. ನಾಗರ ಕಲ್ಲುಗಳನ್ನು ನೋಡಿ ಹಾಗೇ ಬಂದಿದ್ದರೆ, ಮುಂದಿನ ಸಲ ಅಲ್ಲಿನ ಹುತಾತ್ಮರ ಸ್ಮಾರಕ ವೀರಸೌಧಕ್ಕೂ ಹೋಗಿ ಬನ್ನಿ. ಮಗನನ್ನು ಕರೆದುಕೊಂಡು ಹೋಗಿ.

1938ರ ಏಪ್ರಿಲ್. ಆಗ ಅದು ಕೋಲಾರ ಜಿಲ್ಲೆಯೇ, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ. ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸಲು ಸರ್ಕಾರ ಬಿಡುತ್ತಿರಲಿಲ್ಲ. ಏಪ್ರಿಲ್ 11ರಂದು ಮದ್ದೂರಿನ ಶಿವಪುರದಲ್ಲಿ ಜನ ಹಾರಿಸಿದರು. ಎರಡು ವಾರ ಕಳೆದು ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಜನ ಸೇರಿದರು. ನಿಷೇಧಾಜ್ಞೆ ಇತ್ತು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಅವರಿಗೆ ಪರ್ಮಿಷನ್ ಇರಲಿಲ್ಲ. ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಅಂತ ನಮ್ಮ ಜನರ ನೆನಪು, ಸರ್ಕಾರದ ಲೆಕ್ಕ ಅದಕ್ಕಿಂತ ಕಡಿಮೆ. ಅವರಲ್ಲಿ ಬಹಳ ಮಂದಿ ನಮ್ಮ ನಿಮ್ಮ ಹಾಗೆ ಸುತ್ತಲ ಹಳ್ಳಿಯವರು.

ಆಮೇಲೆ ಏನಾಯಿತು? ಮುಂದಿನ ತಿಂಗಳೇ, ಮೇ ತಿಂಗಳಲ್ಲಿ, ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಜೊತೆ ಮಾತಾಡಿದರು. ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ಒಪ್ಪಂದ ಆಯಿತು. ಏಪ್ರಿಲ್‌ನಲ್ಲಿ ಗುಂಡು ಹಾರಿಸುವಷ್ಟು ದೊಡ್ಡ ಅಪರಾಧ ಆಗಿದ್ದು ಮೇ ತಿಂಗಳಲ್ಲಿ ಅಪರಾಧವೇ ಅಲ್ಲ. ವೀರಸೌಧದ ಮುಂದೆ ನಿಂತಾಗಲೆಲ್ಲ ನನಗೆ ಇದೇ ಯೋಚನೆ ಬರುತ್ತದೆ. ಆ ಒಂದು ತಿಂಗಳಲ್ಲಿ ಬದಲಾದದ್ದು ಬಾವುಟ ಅಲ್ಲ, ಅಪ್ಪಣೆ ಕೊಡುವವರ ಮನಸ್ಸು ಅಷ್ಟೇ. ಒಬ್ಬರ ಮನಸ್ಸಿಗೆ ಅಷ್ಟು ಜನರ ಪ್ರಾಣ ಬಿಡಬಹುದಾ?

ನೀರಿಗಾಗಿ ನಮ್ಮ ಎರಡೂ ಜಿಲ್ಲೆಯವರು ಎಷ್ಟು ವರ್ಷ ಕೂತಿದ್ದೇವೆ, ನಡೆದಿದ್ದೇವೆ ಅನ್ನುವುದು ನಿಮಗೇ ಗೊತ್ತು. 2016ರ ಮಾರ್ಚ್‌ನಲ್ಲಿ ಟ್ರ್ಯಾಕ್ಟರ್‌ಗಳ ಸಾಲು ಬೆಂಗಳೂರಿನವರೆಗೆ ಹೋಗಿ ಅಲ್ಲಿ ಸಂಚಾರ ನಿಂತುಹೋಯಿತು. ಅವತ್ತು ರಸ್ತೆಯಲ್ಲಿ ಸಿಕ್ಕಿಕೊಂಡವರಿಗೆ ಕಷ್ಟ ಆಯಿತು, ಸುಳ್ಳಲ್ಲ. ಆದರೆ ಶಾಶ್ವತ ನೀರಾವರಿ ಅನ್ನುವ ಮಾತು ರಾಜಧಾನಿಯ ಜನ ಮೊದಲ ಸಲ ಸರಿಯಾಗಿ ಕೇಳಿಸಿಕೊಂಡದ್ದು ಅವತ್ತೇ ಅನ್ನಿಸುತ್ತದೆ ನನಗೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕಳಿಸುವ ನೀರು, ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಂತು. ಆ ನೀರು ಇನ್ನೂ ಚೆನ್ನಾಗಿ ಶುದ್ಧವಾಗಬೇಕು ಅನ್ನುವ ಜಗಳ ಮುಗಿದಿಲ್ಲ, ಅದು ಬೇರೆ ಮಾತು.

ಸರಿ, ನಿಮ್ಮ ಡಿ.ಸಿ. ಆಫೀಸ್ ಕಾರ್ಯಕ್ರಮಕ್ಕೆ ಬರೋಣ. ಒಂದು ಪತ್ರ ಬರೆಯಿರಿ. ಅದರ ತಲೆಯಲ್ಲಿ ‘ಅನುಮತಿ ಕೋರಿ’ ಅಂತ ಹಾಕಬೇಡಿ, ‘ಮಾಹಿತಿಗಾಗಿ’ ಅಂತ ಹಾಕಿ. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಎಲ್ಲಿ, ಸುಮಾರು ಎಷ್ಟು ಜನ, ಬೇಡಿಕೆ ಏನು, ಮುಂದಾಳುಗಳ ಎರಡು ಫೋನ್ ನಂಬರು. ಮೆರವಣಿಗೆ ಇದ್ದರೆ ಯಾವ ದಾರಿ ಅಂತಲೂ ಬರೆಯಿರಿ. ಮೂರು ನಾಲ್ಕು ದಿನ ಮುಂಚೆ ಆ ಜಾಗದ ಪೊಲೀಸ್ ಠಾಣೆಗೆ ಒಂದು ಪ್ರತಿ, ಎಸ್.ಪಿ. ಕಚೇರಿಗೆ ಒಂದು, ಡಿ.ಸಿ. ಕಚೇರಿಗೆ ಒಂದು. ಕೆ.ಜಿ.ಎಫ್., ಬಂಗಾರಪೇಟೆ ಕಡೆ ಕೂರುವುದಾದರೆ ಕೆ.ಜಿ.ಎಫ್. ಎಸ್.ಪಿ. ಬೇರೆಯವರಿದ್ದಾರೆ, ಅಲ್ಲಿಗೆ ಕೊಡಬೇಕು.

ಕೊಟ್ಟ ಮೇಲೆ ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳದೆ ಬರಬೇಡಿ. ಇದು ಮುಖ್ಯ. ನಾನು ಹೊಸದಾಗಿ ವಕೀಲಿ ಶುರು ಮಾಡಿದ ಕಾಲದಲ್ಲಿ ಒಂದು ಅಂಗನವಾಡಿ ಕಾರ್ಯಕರ್ತೆಯರ ಗುಂಪಿನ ಪರವಾಗಿ ಇಂಥದೇ ಪತ್ರ ಹಿಡಿದು ಒಂದು ಠಾಣೆಗೆ ಹೋಗಿದ್ದೆ. ಬೆಳಿಗ್ಗೆ ಹತ್ತಕ್ಕೆ ಹೋದವಳು ಸಂಜೆ ಐದರವರೆಗೆ ಬೆಂಚಿನ ಮೇಲೆ ಕೂತಿದ್ದೆ. ಸಾಹೇಬರು ಇಲ್ಲ, ಸೀಲು ಇಲ್ಲ, ನಾಳೆ ಬನ್ನಿ. ಪತ್ರ ಬಿಟ್ಟು ಬಂದೆ. ಮೂರನೇ ದಿನ ಆ ಹೆಣ್ಣುಮಕ್ಕಳನ್ನು ವ್ಯಾನಿಗೆ ಹತ್ತಿಸಿ, ತಿಳಿಸದೆ ಬಂದಿದ್ದಾರೆ ಅಂತ ಬರೆದರು. ನನ್ನ ಹತ್ತಿರ ತೋರಿಸಲು ಒಂದು ಕಾಗದ ಇರಲಿಲ್ಲ. ಅವರ ಮುಖ ಇನ್ನೂ ಮರೆತಿಲ್ಲ. ಈಗ ಅಂಥ ಕಷ್ಟ ಇಲ್ಲ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ಎಸ್.ಪಿ. ಕಚೇರಿಗೆ ಇ-ಮೇಲ್ ಮಾಡಿ. ರಸೀದಿ ಇಟ್ಟುಕೊಳ್ಳಿ.

ಮೈಕ್ ವಿಷಯ ಬೇರೆ. ಅದಕ್ಕೆ ನಿಜವಾಗಿಯೂ ಅನುಮತಿ ಬೇಕು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಧ್ವನಿವರ್ಧಕ ಹಾಕುವಂತಿಲ್ಲ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಬಳಸುವಂತಿಲ್ಲ. ಇದರಲ್ಲಿ ನನಗೆ ತಕರಾರಿಲ್ಲ. ನಿಮ್ಮ ಕೂಗಿಗೆ ಅಪ್ಪಣೆ ಬೇಡ, ಯಂತ್ರದ ಕೂಗಿಗೆ ಬೇಕು. ಶಾಮಿಯಾನ ರಸ್ತೆ ಮೇಲೆ ಬರುವುದಾದರೆ ನಗರಸಭೆಗೂ ಬರೆಯಿರಿ. ಆಗಲ್ಲ ಅಂದರೆ ಬಿಡಿ, ಟವೆಲ್ ಹಾಸಿಕೊಂಡು ಕೂರಿ.

ಬೇಡ ಅಂದರೆ? ಬರೆದುಕೊಡಿ ಅನ್ನಿ. ಕಾರಣ ಬರೆಯದೆ ಬಾಯಲ್ಲಿ ಬೇಡ ಅಂದದ್ದಕ್ಕೆ ಕೋರ್ಟಿನಲ್ಲಿ ಬೆಲೆ ಕಡಿಮೆ. ಬರೆದುಕೊಟ್ಟರೆ ಅದನ್ನು ಹಿಡಿದು ಹೈಕೋರ್ಟಿಗೆ ರಿಟ್, ಅಂದರೆ ಅಧಿಕಾರಿಯ ಆದೇಶವನ್ನು ಪ್ರಶ್ನಿಸುವ ಅರ್ಜಿ, ಹಾಕಬಹುದು. 163ರ ಆದೇಶ ನಿಜವಾಗಿಯೂ ಜಾರಿಯಲ್ಲಿದ್ದರೆ ಅವತ್ತು ಕೂರಬೇಡಿ. ಆದೇಶ ತಪ್ಪು ಅನ್ನಿಸಿದರೆ ಅದನ್ನು ಕಾಗದದಲ್ಲಿ ಎದುರಿಸೋಣ. ಹೆಂಗಸರು, ವಯಸ್ಸಾದವರು ಜೊತೆಗಿರುತ್ತಾರೆ, ಅವರನ್ನು ಲಾಠಿಯ ಮುಂದೆ ನಿಲ್ಲಿಸುವುದು ನನಗೆ ಇಷ್ಟವಿಲ್ಲ. ವಶಕ್ಕೆ ತೆಗೆದುಕೊಂಡರೆ ಜಗ್ಗಾಡಬೇಡಿ. ಸಾಮಾನ್ಯವಾಗಿ ಸಂಜೆ ಬಿಡುತ್ತಾರೆ. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಲೇಬೇಕು, ಅದು ಸಂವಿಧಾನದ 22ನೇ ವಿಧಿ.

ಈಗ ಆ ನಾಲ್ಕು ಹೆಸರು. ಅವತ್ತು ನಿಷೇಧಾಜ್ಞೆ ಇತ್ತಾ ಅಂತ ಮೊದಲು ವಿಚಾರಿಸಿ. ಇಲ್ಲದಿದ್ದರೆ, ಕಲ್ಲು ಎಸೆಯದೆ, ಗೇಟು ಮುಚ್ಚದೆ ಕೂತಿದ್ದವರ ಮೇಲೆ ಹಾಕಲು ಹೆಚ್ಚೇನೂ ಇಲ್ಲ. ಇದ್ದರೂ, ಆದೇಶ ಮೀರಿದರು ಅನ್ನುವ ಅಪರಾಧ ನ್ಯಾಯ ಸಂಹಿತೆಯ 223ನೇ ಸೆಕ್ಷನ್‌ಗೆ ಬರುತ್ತದೆ. ಅದಕ್ಕೆ ಆದೇಶ ಮಾಡಿದ ಅಧಿಕಾರಿ ಅಥವಾ ಅವರ ಮೇಲಿನವರೇ ಕೋರ್ಟಿಗೆ ಲಿಖಿತ ದೂರು ಕೊಡಬೇಕು. ಬರೀ ಪೊಲೀಸರ ಎಫ್.ಐ.ಆರ್. ಮೇಲೆ ಕೋರ್ಟ್ ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಹಳೆಯ 188ನೇ ಸೆಕ್ಷನ್ ಕಾಲದಿಂದಲೂ ಇದೇ ಕಾರಣಕ್ಕೆ ಎಷ್ಟೋ ಕೇಸ್ ಬಿದ್ದುಹೋಗಿವೆ. ಠಾಣೆಯಿಂದ ನೋಟಿಸ್ ಏನಾದರೂ ಬಂದರೆ ಮಾತ್ರ ಒಂಟಿಯಾಗಿ ಹೋಗಬೇಡಿ, ವಕೀಲರನ್ನು ಕರೆದುಕೊಂಡು ಹೋಗಿ. ಖರ್ಚಿಗೆ ಕಷ್ಟ ಇದ್ದರೆ ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರ ಇದೆ, ಹೋಗಿ ಕೇಳಿ.

ದಿನ ಗೊತ್ತು ಮಾಡಿಕೊಂಡ ಮೇಲೆ ಪತ್ರದ ಕರಡು ನನಗೆ ಕಳಿಸಿ, ತಿದ್ದಿಕೊಡುತ್ತೇನೆ. ಮೇಷ್ಟ್ರನ್ನೂ ಅವತ್ತು ಜೊತೆಗೆ ಕರೆದುಕೊಂಡು ಹೋಗಿ. ಆಂಬುಲೆನ್ಸ್ ಬಂದರೆ ದಾರಿ ಬಿಡಿಸುವ ಕೆಲಸ ಅವರಿಗೆ ಕೊಡಿ. ಆ ಪತ್ರವನ್ನು ಠಾಣೆಗೆ ತೆಗೆದುಕೊಂಡು ಹೋಗಿ ಸೀಲು ಹಾಕಿಸಿಕೊಂಡು ಬರುವ ಕೆಲಸ ನಿಮ್ಮ ಮಗನಿಗಿರಲಿ.